ಹತ್ತಿಯ ಮೇಲಿನ ಚಾರ್ಜರ್

ರವಿವಾರ ಮಧ್ಯಾಹ್ನ ರಮಾಬಾಯಿ ನಡುಮನೆಗೆ ಕಾಲಿಟ್ಟಾಗ ಮೊದಲು ಮೂಗಿಗೆ ತಟ್ಟಿದ್ದು ಬಿಸಿಲಿಗೆ ಕಾದ ಪ್ಲಾಸ್ಟಿಕ್ ಬಿಂದಿಗೆಯಂಥ ವಾಸನೆ. ಕೋಣೆಯ ಅರ್ಧದಷ್ಟು ಹತ್ತಿ ತುಂಬಿತ್ತು. ಇಜೇರಿ ಊರಿನ ಆ ಮನೆಯಲ್ಲಿ ಬಿಡಿಸಿದ ಹತ್ತಿಯನ್ನು ಕೂಡಲೇ ಮಾರುವ ರೂಢಿಯಿಲ್ಲ. ದರ ಏರುವ ತನಕ ಮನೆಯವರ ಜೊತೆ ಅದೂ ಸಂಸಾರ ಮಾಡುತ್ತದೆ. ಈ ಸಲ ರಾಶಿ ಗೋಡೆಯ ಪ್ಲಗ್ಗಿನ ತನಕ ಏರಿತ್ತು. ಪ್ಲಗ್ಗಿನಿಂದ ಇಳಿದ ಗೇಣುದ್ದದ ವೈರಿನ ತುದಿಗೆ, ಹತ್ತಿಯಲ್ಲೇ ಗೂಡು ಮಾಡಿ ಕೂಡಿಸಿದಂತೆ, ಒಂದು ಚಾರ್ಜರ್ ಇತ್ತು.

ಅದರೊಳಗೆ ಮಾವನ ಟಾರ್ಚಿನ ಸೆಲ್. ನಸುಕಿನಲ್ಲಿ ಹೊಲಕ್ಕೆ ಹೋಗುವ ಅಪ್ಪನ ಕಾಲಿಗೆ ಹುಳಹುಪ್ಪಡಿ ಸಿಕ್ಕೀತೆಂದು ಮಗ, ರಮಾಬಾಯಿಯ ಗಂಡ ದಿಲೀಪ ತಂದುಕೊಟ್ಟ ಟಾರ್ಚ್ ಅದು. ಅಫಜಲಪುರದ ಕಡೆ ಬಸ್ ಕಂಡಕ್ಟರ್ ಆಗಿದ್ದ ದಿಲೀಪ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಟಾರ್ಚ್ ಅಂಗೈಯಲ್ಲಿ ಅಡಗುವಷ್ಟು ಸಣ್ಣದು. ಬೆಳಕು ಮಾತ್ರ ಓಣಿಯ ಕೊನೆಯ ಬೇವಿನ ಮರ ಮುಟ್ಟುತ್ತಿತ್ತು. ಜೊತೆಗೆ ಬಂದ ಚಾರ್ಜರ್ ಕರೆಂಟಿನ ಏರಿಳಿತಕ್ಕೆ ಸುಟ್ಟುಹೋದ ಮೇಲೆ ಮಾವ ಮಹಾದೇವಪ್ಪ ಪಕ್ಕದ ಮನೆಯ ಅರುಣಕುಮಾರನ ಚಾರ್ಜರ್ ಕೇಳಿ ತಂದಿದ್ದರು. ಅದು ಅವನ ತಲೆಗೆ ಕಟ್ಟುವ ಲೈಟಿನ ದೊಡ್ಡ ಸೆಲ್ಲಿನದು. ಮಾವನ ಸೆಲ್ ಹೆಬ್ಬೆರಳಿಗಿಂತ ಉದ್ದವಿಲ್ಲ. ಉಳಿದ ಸಂದಿಗೆ ಒಂದು ಸ್ಕ್ರೂ ತುರುಕಿ ಜುಗಾಡ ಮಾಡಿದ್ದರು.

ರಮಾಬಾಯಿ ಸೆಲ್ಲಿಗೆ ಬೆರಳು ತಾಗಿಸಿ ಚಕ್ಕನೆ ಹಿಂದಕ್ಕೆಳೆದಳು. ಮೊದಲು ಸ್ವಿಚ್ ಆರಿಸಿ ವೈರ್ ಕಿತ್ತಳು. ಚಾರ್ಜರನ್ನು ಒಣ ಬಟ್ಟೆಯಿಂದ ಹಿಡಿದು ಹೊರಗೆ ಒಯ್ದು ಅಂಗಳದ ಫರಸಿ ಕಲ್ಲಿನ ಮೇಲೆ, ಗೋಡೆಯಿಂದ ದೂರ ಇಟ್ಟಳು. ಅವಳು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಔಷಧ ಕೊಡುವ ಫಾರ್ಮಾಸಿಸ್ಟ್. ಸಣ್ಣ ಅಕ್ಷರ ಓದದೆ ಏನನ್ನೂ ಯಾರ ಕೈಗೂ ಕೊಟ್ಟವಳಲ್ಲ. ಸ್ವಲ್ಪ ಆರಿದ ಮೇಲೆ ಬಗ್ಗಿ ಓದಿದಳು. ಸೆಲ್ಲಿನ ಮೈಮೇಲೆ, ಅದು ಹಿಡಿಯುವ ಚಾರ್ಜು ಏಳುನೂರು ಎಂದಿತ್ತು. ಚಾರ್ಜರಿನ ಹಿಂದೆ, ಅದು ತಳ್ಳುವ ಕರೆಂಟು ಸಾವಿರ.

ವೈರ್ ಕೀಳುವುದು ಸುಲಭವಿತ್ತು. ಮಾವನಿಗೆ ಹೇಳುವುದು ಹೇಗೆ? ಆಳಂದದ ಮಟಕಿಯಿಂದ ಈ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಾವ ಸಿಟ್ಟಿನವರಲ್ಲ. ಆದರೆ ಹತ್ತಿಯ ಕಾವಲಿನ ವಿಷಯದಲ್ಲಿ ಯಾರಾದರೂ ಒಂದು ಮಾತು ಅಂದರೆ ಮುಖ ಗಂಟಿಕ್ಕಿ ಎದ್ದುಹೋಗುತ್ತಿದ್ದರು, ಆಮೇಲೆ ತಮಗೆ ತಿಳಿದದ್ದನ್ನೇ ಮಾಡುತ್ತಿದ್ದರು. ಈಗ ಮಾತು ಹದ ತಪ್ಪಿದರೆ, ನಾಳೆ ತಾನು ಕೆಲಸಕ್ಕೆ ಹೋದ ಮೇಲೆ ಈ ಚಾರ್ಜರ್ ಮತ್ತೆ ಹತ್ತಿಯ ಮೇಲೆ ಹೋಗುವುದು ಖಂಡಿತ. ಹತ್ತಿಗೆ ಬೆಂಕಿ ತಾಗಿದರೆ ಮನೆ ಉಳಿಯುವುದಿಲ್ಲ.

"ಯಾರವ್ವಾ ಇದನ್ನ ಹೊರಗ ತಂದಿಟ್ಟವ್ರು?" ಮಹಾದೇವಪ್ಪ ಬಾಗಿಲಲ್ಲಿ ನಿಂತಿದ್ದರು.

"ನಾನ್ರಿ ಮಾವಾರ. ಭಾಳ ಬಿಸಿ ಆಗಿತ್ರಿ."

"ಚಾರ್ಜ್ ಅಂದಮ್ಯಾಲ ಬಿಸಿ ಆಗೂದ. ಹಂಚು ಬಿಸಿ ಆಗದ ರೊಟ್ಟಿ ಬೇಯ್ತಾವೇನು?"

ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತಿದ್ದ ಅತ್ತೆ ಮಲ್ಕಮ್ಮ ಮೊರದಿಂದ ಕಣ್ಣೆತ್ತದೆ ಅಂದರು: "ಹಂಚು ಒಯ್ದು ಹತ್ತಿ ಮ್ಯಾಲ ಇಟ್ಟೀನೇನ್ರಿ ನಾ ಎಂದಾರ?"

"ನೀ ಸುಮ್ಕಿರು. ಹತ್ತಿ ಮೆತ್ತಗಿರ್ತದ, ಬಿದ್ರ ಒಡ್ಯಾಂಗಿಲ್ಲ ಅಂತ ಇಟ್ಟೀನಿ. ಅದಕ್ಕೂ ತಲಿ ಬೇಕು."

"ಹೌದ್ರಿ, ತಲಿ ಭಾಳ ಅದ. ಹಿಂದಕ ಖಾಲಿ ಸೆಲ್ ಮಾಳಿಗಿ ಮ್ಯಾಲ ಬಿಸಲಿಗಿಟ್ಟು, ಹಪ್ಪಳಕ್ಕ ಕೂತಂಗ ಕಾಗಿ ಹೊಡೀತಾ ಕೂಡ್ತಿದ್ರಿ."

"ಅವು ಮತ್ತ ಎರಡ್ ದಿನ ಹತ್ತತಿದ್ದಿಲ್ಲೇನು?"

"ಹತ್ತತಿದ್ವು. ಮಿಂಚಹುಳದಷ್ಟು."

ಮಹಾದೇವಪ್ಪ ಹೆಂಡತಿಯನ್ನು ಬಿಟ್ಟು ಸೊಸೆಯ ಕಡೆ ತಿರುಗಿದರು. "ನೋಡವ್ವಾ ರಮಾ, ಜೇವರ್ಗಿ ಜಿನ್ನಿಂಗ್ ಮಿಲ್ಲಿನ್ಯಾಗ ಚೌಕೀದಾರ ಇದ್ದಾಂವ ನಾ. ನನ್ನ ಪಾಳಿದಾಗ ಹತ್ತಿದು ಒಂದ್ ಎಳಿ ಸುಟ್ಟಿಲ್ಲ. ಹತ್ತಿ ಕಾಯೂದು ನನಗ ಕಲಸಬ್ಯಾಡ."

ಏಳುನೂರು, ಸಾವಿರ ಎಂದು ರಮಾಬಾಯಿಯ ನಾಲಿಗೆಯ ತುದಿಗೆ ಬಂದಿದ್ದ ಲೆಕ್ಕ ಅಲ್ಲೇ ನಿಂತಿತು. ಅವಳು ಕಟ್ಟೆಯ ತುದಿಗೆ ಕೂತಳು.

"ಅದಕ್ಕ ನಿಮ್ಮನ್ನ ಕೇಳ್ತೇನ್ರಿ ಮಾವಾರ. ಮಿಲ್ಲಿನ ಗೇಟಿನ್ಯಾಗ ಏನೇನು ಒಳಗ ಬಿಡ್ತಿದ್ದಿಲ್ರಿ ನೀವು?"

ಮಾವನ ಹುಬ್ಬು ಸಡಿಲಾಯಿತು. ಅವರೂ ಕೂತರು. "ಬೀಡಿ ಬಂದ್. ಕಡ್ಡಿಪೆಟ್ಟಿಗಿ ಬಂದ್. ಮಾಲಕರ ಬೀಗರು ಬಂದ್ರೂ ಕಿಸೆ ತಡವೂದ. ಒಬ್ಬಾಂವ ತಲಿಗಿ ಸುತ್ತಿದ ಪಟಗದಾಗ ಬೀಡಿ ಮುಚ್ಚಿಟಗೊಂಡ್ ಬಂದಿದ್ದ. ಎಲ್ಲಾರ ಮುಂದ ಪಟಗಾ ಬಿಚ್ಚಿಸ್ದೆ. 'ಹಚ್ಚಾಂಗಿಲ್ಲೋ ಮಾರಾಯಾ, ಸುಮ್ನ ಇಟಗೊಂಡೀನಿ' ಅಂದ. ಸುಮ್ನ ಇದ್ದದ್ದ ಮುಂದ ಹತ್ತೂದು ಅಂದೆ."

"ಇದನ್ನ ಬಿಡ್ತಿದ್ರೇನ್ರಿ?"

ಅವಳು ಸೆಲ್ಲನ್ನು ಅವರ ಅಂಗೈಯಲ್ಲಿಟ್ಟಳು. ಅಷ್ಟು ಹೊತ್ತು ಕಲ್ಲಿನ ಮೇಲೆ ಇದ್ದರೂ ಅದು ಇನ್ನೂ ಬೆಚ್ಚಗಿತ್ತು. ಮಹಾದೇವಪ್ಪ ಅದನ್ನು ನಿಧಾನವಾಗಿ ತಿರುಗಿಸಿದರು. ಸ್ಕ್ರೂ ಒತ್ತಿದ ಕಡೆ ಮೇಲಿನ ಹಸಿರು ಹಾಳೆ ಹರಿದು ಒಳಗಿನ ಲೋಹ ಕಾಣುತ್ತಿತ್ತು. ಮಲ್ಕಮ್ಮನ ಮೊರವೂ ನಿಂತಿತು.

"ಇದರಾಗ ಅಷ್ಟು ಬೆಂಕಿ ಅದ ಏನವ್ವಾ?"

"ಅದರಿ. ಸಣ್ಣ ಸೆಲ್ಲಿಗೆ ದೊಡ್ಡ ಸೆಲ್ಲಿನ ಕರೆಂಟ್ ಹಾಕಿದ್ರ ಕೂಸಿಗೆ ದೊಡ್ಡವರ ಡೋಸ್ ಕುಡಿಸ್ದಂಗ. ಮ್ಯಾಲ ಹತ್ತಿ ಹೊಚ್ಚಿದ್ರ ಬಿಸಿ ಹೊರಗ ಹೋಗಾಂಗಿಲ್ಲ. ಒಂದೊಂದು ಸಲ ಪಟಕ್ಕನ ಹೊತ್ತಕೊಳ್ತಾವ್ರಿ."

ಮಹಾದೇವಪ್ಪ ಸೆಲ್ಲನ್ನು ಮತ್ತೆ ಕಲ್ಲಿನ ಮೇಲಿಟ್ಟು ಎದ್ದರು. "ಬಿಡ್ತಿದ್ದಿಲ್ಲ," ಅಂದರು. "ಗೇಟಿಂದ ಹೊರಗ ಹಾಕ್ತಿದ್ದೆ." ನೇರ ನಡುಮನೆಗೆ ಹೋಗಿ, ಗೂಡು ಮಾಡಿದ್ದ ಜಾಗದ ಹತ್ತಿಯನ್ನು ತೋಳುದ್ದ ಕೆದರಿ, ಎಲ್ಲಿಯೂ ಬಿಸಿ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡರು. ಪ್ಲಗ್ಗಿನಿಂದ ಮಾರು ದೂರಕ್ಕೆ ರಾಶಿಯನ್ನು ಹಿಂದಕ್ಕೆ ತಳ್ಳತೊಡಗಿದರು. ರಮಾಬಾಯಿ ಸೆರಗು ಸಿಕ್ಕಿಸಿಕೊಂಡು ಕೈಜೋಡಿಸಿದಳು.

ಮರುದಿನ ಅರುಣಕುಮಾರನ ಚಾರ್ಜರ್ ಸ್ಕ್ರೂ ಇಲ್ಲದೆ ವಾಪಸ್ ಹೋಯಿತು. ಸಂಜೆ ಮಾವ, ಸೊಸೆ ಜೇವರ್ಗಿಗೆ ಹೋದರು. ಹರಿದ ಸೆಲ್ಲಿನ ಎರಡೂ ತುದಿಗೆ ಟೇಪ್ ಸುತ್ತಿ, ಹಳೆಯ ಬ್ಯಾಟರಿ ತೆಗೆದುಕೊಳ್ಳುವ ಅಂಗಡಿಯಲ್ಲಿ ಕೊಟ್ಟರು. ಅದೇ ಏಳುನೂರರ ಹೊಸ ಸೆಲ್, ಅದಕ್ಕೆ ಹೊಂದುವ ಚಾರ್ಜರ್ ತೆಗೆಸಿದರು. ಅಂಗಡಿಯವನು ಎಲ್ಲದಕ್ಕೂ ಚಲೋ ಚಲೋ ಅಂದಾಗ ಮಹಾದೇವಪ್ಪ ಡಬ್ಬಿಯನ್ನು ಸೊಸೆಯ ಮುಂದೆ ಹಿಡಿದು, "ಚಲೋ ಅಂತ ಎಲ್ಲಿ ಬರದಾರ, ಓದವ್ವಾ" ಅಂದರು. ಅವಳು ಓದಿದಳು: ಮುನ್ನೂರು. ಏಳುನೂರರ ಸೆಲ್ಲಿಗೆ ಅದು ಹಿತವಾದ ಅಳತೆ. ಹೊತ್ತು ಹಿಡಿಯುತ್ತದೆ, ಬಿಸಿಯಾಗುವುದಿಲ್ಲ.

ಮುಂದಿನ ರವಿವಾರ ಹೊರಗಿನ ಪಡಸಾಲೆಯ ಫರಸಿಯ ಮೇಲೆ ಮಹಾದೇವಪ್ಪ ಹೊಸ ಚಾರ್ಜರಿನ ಕಾವಲಿಗೆ ಕೂತಿದ್ದರು. ಸುತ್ತ ಒಂದು ಚಿಂದಿ ಬಟ್ಟೆ, ಒಂದು ಕಾಗದದ ಚೂರು ಇಲ್ಲ. ಬಿಸಿಲಿನಲ್ಲಿ ನಡೆದು ಬಂದಾಗ ಕಿಸೆಯಲ್ಲಿದ್ದ ಸೆಲ್ಲನ್ನು ಮೊದಲು ನೆರಳಿಗಿಟ್ಟು ತಣ್ಣಗೆ ಮಾಡಿಕೊಂಡೇ ಚಾರ್ಜಿಗೆ ಹಾಕಿದ್ದರು. ಆಗಾಗ ಬೆರಳು ಮುಟ್ಟಿಸಿ ನೋಡುತ್ತಿದ್ದರು. ಮಲ್ಕಮ್ಮ ಚಹಾ ತಂದು, "ಕೂಸಿಗೆ ಜ್ವರ ಬಂದಾವೇನ್ರಿ?" ಅಂದರು.

"ಇಲ್ಲ. ಭೇಷ್ ಮಲಗ್ಯದ."

ರಮಾಬಾಯಿ ನಗುತ್ತ ಚಹಾ ಬಟ್ಟಲು ತೆಗೆದುಕೊಂಡಳು. ಮಹಾದೇವಪ್ಪ ಅವಳ ಇನ್ನೊಂದು ಖಾಲಿ ಕೈ ನೋಡಿದರು.

"ರಮಾ, ನಿನ್ ಮೊಬೈಲ್ ಎಲ್ಲದ?"

"ಚಾರ್ಜಿಗೆ ಹಾಕೀನ್ರಿ."

"ಎಲ್ಲಿ?"

ಅವಳ ಬಟ್ಟಲು ತುಟಿಯ ಹತ್ತಿರವೇ ನಿಂತಿತು. ಒಳಗಿನ ಕೋಣೆಯಲ್ಲಿ, ಗಾದಿಯ ಮೇಲೆ, ತಲೆದಿಂಬಿನ ಕೆಳಗೆ.

"ಆ ಗಾದ್ಯಾಗ ಏನ್ ತುಂಬ್ಯಾರವ್ವಾ?" ಮಾವನ ದನಿ ಬಹಳ ಮೃದುವಾಗಿತ್ತು. "ಉಸುಕೇನು?"

ಮಲ್ಕಮ್ಮ ಬಾಯಿಗೆ ಸೆರಗು ಹಿಡಿದು ನಗತೊಡಗಿದರು. ರಮಾಬಾಯಿ ಬಟ್ಟಲು ಇಟ್ಟು ಒಳಗೆ ಓಡಿದಳು. ಮೊಬೈಲು, ಚಾರ್ಜರು ಹಿಡಿದು ಹೊರಗೆ ಬಂದಾಗ ಅವಳ ಮುಖ ಕೆಂಪೇರಿತ್ತು. ಮಹಾದೇವಪ್ಪ ಕೈ ಚಾಚಿ ಮೊಬೈಲಿನ ಬೆನ್ನು ಮುಟ್ಟಿ ನೋಡಿದರು, ತಲೆಯಾಡಿಸಿದರು. ಫರಸಿಯ ಮೇಲೆ ತುಸು ಸರಿದು ಅದಕ್ಕೂ ಜಾಗ ಮಾಡಿದರು.