ಕೆಳಗಿನ ನೀರು

"ಇನ್ನೊಬ್ಬ ಟ್ರಕ್ಕಿನವನು ಹಿಂಗೆ ಹಾರ್ನ್ ಹೊಡೆದ್ರೆ, ಇಳಿದುಹೋಗಿ ಕಿವಿ ಹಿಂಡ್ತೀನಿ ನೋಡ್ತಿರು!" ಎಂದು ಶೊಕೂಹ್ ಖಾನಂ ತಿರುಗಿ ನೋಡದೆಯೇ ಕೂಗಿದರು.

ಹಿಂದಿನ ಸೈಕಲ್ಲಿನಲ್ಲಿದ್ದ ಫರ್ಶೀದ್‌ಗೆ ನಗು ಬಂತು. ಟ್ರಕ್ಕಿನವನು ರೇಗಿಸಿದ್ದಲ್ಲ, ಕಿಟಕಿಯಿಂದ ಕೈ ಹೊರಹಾಕಿ ಸಲಾಂ ಮಾಡಿ ಹೋಗಿದ್ದ. ಮುಂದಿನ ಸೈಕಲ್ಲಿನಲ್ಲಿದ್ದ ಅತ್ತೆಗೂ ಅದು ಗೊತ್ತಿತ್ತು. ಆದರೆ ಬೆಳಿಗ್ಗೆ ಬೊರಾಜ್‌ಜಾನ್ ಬಿಟ್ಟಾಗಿನಿಂದ ಗಾಳಿ ಎದೆಗೆ ಎದೆ ಕೊಟ್ಟು ತಳ್ಳುತ್ತಿತ್ತು, ಅದರ ಸಿಟ್ಟನ್ನು ಯಾರ ಮೇಲಾದರೂ ತೀರಿಸಿಕೊಳ್ಳಬೇಕಿತ್ತು. ಬೆಟ್ಟಗಳೆಲ್ಲ ಹಿಂದೆ ಉಳಿದಿದ್ದವು. ರಸ್ತೆಯ ಎರಡೂ ಬದಿಗೆ ಖರ್ಜೂರದ ತೋಟಗಳು. ಗೊನೆ ಕೊಯ್ದಾದ ಮೇಲೆ ಮರಗಳು ಹಗುರಾಗಿ ನಿಂತಿದ್ದವು. ಗಾಳಿಯಲ್ಲಿ ಆಗಲೇ ಉಪ್ಪಿನ ವಾಸನೆಯಿತ್ತು. ಸಂಜೆಯೊಳಗೆ ಬುಶೆಹರ್, ಅಲ್ಲಿಗೆ ದಾರಿ ಮುಗಿಯುತ್ತದೆ. ಮುಗಿಯುತ್ತದೆ ಎನ್ನುವುದು ನೆನಪಾದಾಗಲೆಲ್ಲ ಫರ್ಶೀದ್‌ನ ಕಾಲು ತಾನಾಗಿಯೇ ನಿಧಾನವಾಗುತ್ತಿತ್ತು.

ಉತ್ತರದ ಲಂಗರೂದ್ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಶೊಕೂಹ್ ಖಾನಂ ಆಯುಷ್ಯವೆಲ್ಲ ಭೂಗೋಳ ಕಲಿಸಿದವರು. ನಕ್ಷೆಯ ಮುಂದೆ ಕೋಲು ಹಿಡಿದು, "ಮೇಲೊಂದು ನೀರು, ಕೆಳಗೊಂದು ನೀರು, ನಡುವೆ ನಾವು" ಎಂದು ಪಾಠ ಶುರು ಮಾಡುತ್ತಿದ್ದರು. ಮೇಲಿನ ನೀರು, ಅಂದರೆ ಕ್ಯಾಸ್ಪಿಯನ್, ಮನೆಗೆ ಹತ್ತಿರದಲ್ಲೇ ಇತ್ತು. ಕೆಳಗಿನದನ್ನು, ಅಂದರೆ ದಕ್ಷಿಣದ ತುದಿಯಲ್ಲಿ ಬುಶೆಹರ್ ಮುಂದಿನ ಕೊಲ್ಲಿಯನ್ನು, ಅವರು ಕಂಡಿರಲಿಲ್ಲ. ಗಂಡ ತೀರಿಕೊಂಡು, ಕೆಲಸದಿಂದ ನಿವೃತ್ತರಾದ ಮೇಲೆ ಹಳೆಯ ಸೈಕಲ್ಲೊಂದನ್ನು ಕೊಂಡು ತಂದರು. ಊರು ನಕ್ಕಿತು. "ಅಮ್ಮಾ, ವಿಮಾನ ಅನ್ನೋದೊಂದು ಇದೆ" ಎಂದಳು ಮಗಳು ಗೊಲ್ನಾರ್. "ವಿಮಾನದಲ್ಲಿ ಹೋದ್ರೆ ನಡುವಿಂದು ತಪ್ಪಿಹೋಗುತ್ತೆ" ಎಂದರು ತಾಯಿ.

ಗೊಲ್ನಾರ್ ಮತ್ತು ಫರ್ಶೀದ್ ವಿಚ್ಛೇದನಕ್ಕೆ ಸಹಿ ಹಾಕಿ ಹೊರಬಂದ ದಿನವೇ ಅವಳು ಅಮ್ಮನ ಈ ಪ್ರಯಾಣದ ಮಾತು ಎತ್ತಿದ್ದು. ಇಬ್ಬರ ನಡುವೆ ಜಗಳವಾಗಿರಲಿಲ್ಲ. ಮಕ್ಕಳಾಗಲಿಲ್ಲ, ಆಮೇಲೆ ಮಾತೂ ಆಗಲಿಲ್ಲ. ಒಂದೇ ಮನೆಯ ಇಬ್ಬರು ಬಾಡಿಗೆದಾರರ ಹಾಗೆ ಬಾಗಿಲಲ್ಲಿ ಎದುರಾದರೆ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತಿದ್ದರು. ಕೊನೆಗೆ ಪೂರ್ತಿಯೇ ಬಿಟ್ಟುಕೊಟ್ಟರು.

"ಅಮ್ಮನಿಗೆ ಈಗ್ಲೇ ಹೇಳೋದು ಬೇಡ. ವಾಪಸ್ ಬಂದ್ಮೇಲೆ ನಾನೇ ಹೇಳ್ತೀನಿ" ಎಂದಿದ್ದಳು ಗೊಲ್ನಾರ್. "ನೀನು ಜೊತೆಗೆ ಹೋಗ್ತೀಯಾ? ಇಲ್ದಿದ್ರೆ ಅವಳು ಒಬ್ಬಳೇ ಹೊರಡ್ತಾಳೆ."

ಅವಳ ಮಾತು ಮುಗಿಯುವ ಮೊದಲೇ ಫರ್ಶೀದ್ ಹೂಂ ಅಂದಿದ್ದ. ಕನ್ನಡಕದ ಅಂಗಡಿಗೆ ಬೀಗ ಹಾಕಿದ. ತನ್ನ ತಾಯಿಯ ಮುಖ ಅವನಿಗೆ ನೆನಪಿರಲಿಲ್ಲ. ಮದುವೆಯಾದ ಹೊಸತರಲ್ಲಿ ಜ್ವರ ಬಂದು ಮಲಗಿದ್ದಾಗ ಶೊಕೂಹ್ ಖಾನಂ ಹಾಸಿಗೆಯ ಪಕ್ಕ ಕುಳಿತು, ದಾಳಿಂಬೆ ಬಿಡಿಸಿ ಒಂದೊಂದೇ ಚಮಚ ತಿನ್ನಿಸುತ್ತ, ಜಗತ್ತಿನ ನದಿಗಳ ಹೆಸರನ್ನೆಲ್ಲ ಹೇಳಿ ನಿದ್ದೆ ಬರಿಸಿದ್ದರು. ಹೆಂಡತಿಯನ್ನು ಕಳೆದುಕೊಂಡದ್ದಕ್ಕೆ ಅವನಲ್ಲಿ ಒಂದು ಬಗೆಯ ಸಮಾಧಾನವಿತ್ತು. ಅತ್ತೆಯ ವಿಷಯದಲ್ಲಿ ಅದು ಇರಲಿಲ್ಲ.

ದಾರಿಯುದ್ದಕ್ಕೂ ಒಂದು ಮುಳ್ಳು ಅವನನ್ನು ಚುಚ್ಚುತ್ತಲೇ ಇತ್ತು. ಏರು ಬಂದಾಗ ಅತ್ತೆಯ ಮೊಣಕಾಲು ಹಟ ಹಿಡಿಯುತ್ತಿತ್ತು. ಆಗ ಅವನು ಪಕ್ಕಕ್ಕೆ ಬಂದು, ಒಂದು ಕೈಯಲ್ಲಿ ತನ್ನ ಹ್ಯಾಂಡಲ್ ಹಿಡಿದು, ಇನ್ನೊಂದನ್ನು ಅವರ ಬೆನ್ನಿಗೆ ಕೊಟ್ಟು ತಳ್ಳುತ್ತಿದ್ದ. ಕಾಜೆರೂನ್‌ನ ಘಾಟಿಯನ್ನು ಹಾಗೆಯೇ ಹತ್ತಿದ್ದರು. ಅವನೇನು ದೊಡ್ಡ ದೈವಭಕ್ತನಲ್ಲ. ಆದರೂ ಅಂಗೈ ಬೆನ್ನಿಗೆ ತಾಗಿದಾಗಲೆಲ್ಲ, ಈ ಹೆಂಗಸು ಈಗ ನನಗೆ ಯಾರೂ ಅಲ್ಲ, ಪರಗಂಡಸು ಹೀಗೆ ಮುಟ್ಟಬಾರದು, ಇದು ಕದ್ದು ಪಡೆದ ಹಕ್ಕು ಎನಿಸುತ್ತಿತ್ತು.

ಊರಿಗೆ ಇನ್ನೂ ದೂರವಿರುವಾಗಲೇ ಪೊಲೀಸ್ ಚೌಕಿಯಲ್ಲಿ ಕೈ ಅಡ್ಡ ಹಿಡಿದರು. ಮೀಸೆ ಈಗಷ್ಟೇ ಚಿಗುರಿದ್ದ ಪೊಲೀಸಿನವನು ಶೊಕೂಹ್ ಖಾನಂರನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. ತಲೆವಸ್ತ್ರದ ಮೇಲೆ ಹೆಲ್ಮೆಟ್ಟು, ಮೂಗಿನ ಮೇಲೆ ಸುಲಿದ ಚರ್ಮ.

"ಎಲ್ಲಿಂದ ಬರ್ತಿದೀರಮ್ಮಾ?"

"ಲಂಗರೂದ್‌ನಿಂದ."

"ಅಯ್ಯೋ, ಅದು ಮೇಲಿನ ಸಮುದ್ರದ ಹತ್ತಿರ ಅಲ್ವಾ! ಸೈಕಲ್ ಮೇಲಾ?"

"ಕತ್ತೆ ಸಿಗಲಿಲ್ಲಪ್ಪಾ."

ಅವನ ಮುಖ ಸಡಿಲವಾಯಿತು. ಆಮೇಲೆ ಫರ್ಶೀದ್ ಕಡೆ ತಿರುಗಿ, "ಇವರು ನಿಮಗೇನಾಗಬೇಕು?" ಎಂದ.

ದಾರಿಯ ಪ್ರತಿ ತಂಗುಮನೆಯಲ್ಲೂ ಹೇಳಿದ್ದ ಉತ್ತರವೇ. ಆದರೆ ಈಗ, ಸಮುದ್ರ ಇಷ್ಟು ಹತ್ತಿರ ಬಂದಿರುವಾಗ, ನಾಲಿಗೆ ಏಳಲಿಲ್ಲ. ಪೊಲೀಸಿನವನ ಹುಬ್ಬು ಮೇಲೇರಿತು.

"ಅಳಿಯ" ಎಂದರು ಶೊಕೂಹ್ ಖಾನಂ. "ಬಿಸಿಲಿಗೆ ಮಾತು ಹೋಗಿದೆ ಪಾಪ. ಇಲ್ದಿದ್ರೂ ಅಷ್ಟಕ್ಕಷ್ಟೇ."

"ಅತ್ತೆ ಜೊತೆ ಇಷ್ಟು ದೂರ ಬಂದವನ ಬಾಯಲ್ಲಿ ಮಾತು ಎಲ್ಲಿರುತ್ತೆ ಬಿಡಿ" ಎಂದು ಪೊಲೀಸಿನವನು ನಕ್ಕು, ತನ್ನ ನೀರಿನ ಬಾಟಲಿಯನ್ನೇ ಕೊಟ್ಟು ಕಳುಹಿಸಿದ.

ಸ್ವಲ್ಪ ದೂರದಲ್ಲಿ ಒಂಟಿ ಬೋರೆಮರ. ಶೊಕೂಹ್ ಖಾನಂ ಅದರ ನೆರಳಿಗೆ ಸೈಕಲ್ ಒರಗಿಸಿ, ಥರ್ಮಾಸಿನಿಂದ ಚಹಾ ಬಗ್ಗಿಸಿ, ಸಕ್ಕರೆ ಹರಳೊಂದನ್ನು ಹಲ್ಲಿಗೆ ಕಚ್ಚಿದರು. ಫರ್ಶೀದ್ ಕೂರಲಿಲ್ಲ.

"ಅತ್ತೆ, ಒಂದು ಮಾತು ಹೇಳಬೇಕು."

"ಕೂತ್ಕೊಂಡು ಹೇಳು. ಕತ್ತು ನೋಯುತ್ತೆ ನಂಗೆ."

ಅವನು ಕುಳಿತ. "ನಾನೂ ಗೊಲ್ನಾರೂ… ನಾವು ಬೇರೆ ಆಗಿದೀವಿ. ಹೊರಡೋಕೆ ಮುಂಚೇನೇ. ಎಲ್ಲ ಮುಗಿದುಹೋಗಿದೆ. ನಿಮ್ಮ ಹತ್ರ ಮುಚ್ಚಿಟ್ಕೊಂಡು ಬಂದೆ. ಸಮುದ್ರ ನೋಡೋವಾಗ ನಿಮ್ಮ ಪಕ್ಕದಲ್ಲಿ ಸುಳ್ಳ ನಿಂತಿರಬಾರದು, ಅದಕ್ಕೇ…"

"ಗೊತ್ತು" ಎಂದರು ಅವರು, ಸಕ್ಕರೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸುತ್ತ.

"ಏನು ಗೊತ್ತು?"

"ಹೊರಡೋ ಹಿಂದಿನ ದಿನ ಗೊಲ್ನಾರ್ ಹೇಳಿದ್ಲು. ಅವಳ ಹೊಟ್ಟೇಲಿ ಮಾತು ನಿಲ್ಲುತ್ತಾ? ನಿಂಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡು, ಆಮೇಲೆ ಕೂತು ಅತ್ತಳು."

ಫರ್ಶೀದ್ ಅವರ ಕಡೆ ತಿರುಗಿದ. "ಹಾಗಾದ್ರೆ… ನಿಮಗೆ ಸಿಟ್ಟು ಬರಲಿಲ್ವಾ?"

"ಬಂತು. ಕೋಮ್ ಊರಿನವರೆಗೂ ಇತ್ತು. ಅದಕ್ಕೇ ಅಲ್ಲೀತನಕ ನಿನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ."

"ನೀವು ಚಳಿ ಅಂದ್ರಿ!"

"ಚಳೀನೂ ಇತ್ತು." ಅವರು ಲೋಟ ಕೆಳಗಿಟ್ಟರು. "ಕೋಮ್‌ನಲ್ಲಿ ನಿನ್ನನ್ನ ಸೈಕಲ್ ಕಾಯೋಕೆ ಬಿಟ್ಟು ದರ್ಗಾದೊಳಗೆ ಹೋದ್ನಲ್ಲ, ನೆನಪಿದೆಯಾ?"

"ಹರಕೆ ಇದೆ ಅಂದಿದ್ರಿ."

"ಹರಕೆ ಅಲ್ಲ, ಅನುಮಾನ ಇತ್ತು. ಅಲ್ಲೊಬ್ಬರು ವಯಸ್ಸಾದ ಮೌಲ್ವಿ ಕೂತಿದ್ರು. ಮಗಳು ಬಿಟ್ಟುಬಿಟ್ಟ ಗಂಡ ನಂಗೆ ಇನ್ನೂ ಮಹ್ರಮ್ ಹೌದೋ ಅಲ್ವೋ, ಮನೆಯವನೋ ಪರಗಂಡಸೋ, ಅವನ ಎದುರಿಗೆ ತಲೆವಸ್ತ್ರ ತೆಗೀಬಹುದಾ, ಅವನು ಕೈ ಹಿಡಿದು ದಾಟಿಸಬಹುದಾ ಅಂತ ಕೇಳಿದೆ. ಅವರು ಹೇಳಿದ್ರು, ಹೆಂಡತಿ ನಂಟು ಹರಿಯುತ್ತೆ, ಅತ್ತೆ ನಂಟು ಹರಿಯಲ್ಲ. ಒಂದು ಸಲ ಅಳಿಯ ಆದ್ರೆ ಮುಗೀತು, ಸಾಯೋವರೆಗೂ ಮಹ್ರಮ್ಮೇ ಅಂತ." ಅವರು ಮೂಗೊರೆಸಿಕೊಂಡರು. "'ಪಾಪ ಅಳಿಯ' ಅಂತ ಬೇರೆ ಅಂದ್ರು, ಆ ಮುದುಕ!"

ಫರ್ಶೀದ್ ನಗಲು ಹೋದ. ಬಂದದ್ದು ನಗುವಲ್ಲ. ಅವನು ಮುಖವನ್ನು ತೋಳಿಗೆ ಒತ್ತಿಕೊಂಡ. ಶೊಕೂಹ್ ಖಾನಂ ಅವನನ್ನು ಸಂತೈಸಲಿಲ್ಲ. ಅವನ ಲೋಟಕ್ಕೂ ಚಹಾ ಬಗ್ಗಿಸಿ ಮುಂದೆ ಸರಿಸಿದರು.

"ಒಂದು ಕೇಳ್ತೀನಿ, ನಿಜ ಹೇಳು" ಎಂದರು ಆಮೇಲೆ. ದನಿ ಸಣ್ಣದಾಗಿತ್ತು. "ಮತ್ತೆ ಒಂದಾಗೋ ಆಸೆ ಏನಾದ್ರೂ ಇದೆಯಾ?"

"ಇಲ್ಲ ಅತ್ತೆ."

ಅವರು ರಸ್ತೆಯನ್ನು ನೋಡುತ್ತ ತಲೆಯಾಡಿಸಿದರು. ಈ ಒಂದು ಉತ್ತರಕ್ಕಾಗಿ ಅವರು ದೇಶದುದ್ದಕ್ಕೂ ಕಾದಿದ್ದರೆಂದು, ಬೇರೆಯದೇ ಉತ್ತರ ಬರಬಹುದೆಂದು ಆಸೆಪಟ್ಟಿದ್ದರೆಂದು ಫರ್ಶೀದ್‌ಗೆ ಆಗ ಹೊಳೆಯಿತು. ಅವರು ಉಳಿದ ಚಹಾವನ್ನು ಮರದ ಬುಡಕ್ಕೆ ಚೆಲ್ಲಿ ಎದ್ದರು.

"ನಡಿ. ಮೊಣಕಾಲು ತಣ್ಣಗಾದ್ರೆ ಆಮೇಲೆ ಏಳಲ್ಲ."

ಮೊಣಕಾಲು ಆಗಲೇ ತಣ್ಣಗಾಗಿತ್ತು. ತೋಟಗಳು ಮುಗಿದು ಉಪ್ಪಿನ ಬಯಲು ಶುರುವಾದಲ್ಲಿ ಗಾಳಿಗೆ ತಡೆಯೇ ಇರಲಿಲ್ಲ. ಅತ್ತೆಯ ಸೈಕಲ್ಲು ಓಲಾಡತೊಡಗಿತು. ಮೀನಿನ ಪೆಟ್ಟಿಗೆ ಇಳಿಸಿ ಬರುತ್ತಿದ್ದ ಪಿಕಪ್ಪೊಂದು ನಿಧಾನವಾಯಿತು. "ಹತ್ಕೊಳ್ಳಿ ತಾಯಿ, ಸೈಕಲ್ ಹಿಂದೆ ಹಾಕ್ಕೊಳ್ಳೋಣ" ಎಂದ ಚಾಲಕ. "ನಿನ್ನ ಹೊಟ್ಟೆ ತಣ್ಣಗಿರಲಿ, ಹೋಗಪ್ಪಾ" ಎಂದರು ಶೊಕೂಹ್ ಖಾನಂ, ಹಲ್ಲು ಕಚ್ಚಿಕೊಂಡು. ಫರ್ಶೀದ್ ಪಕ್ಕಕ್ಕೆ ಬಂದ. ಕೈ ಚಾಚಿ ಬೆವರಿಗೆ ಒದ್ದೆಯಾದ ಆ ಸಣ್ಣ ಬೆನ್ನಿಗೆ ಅಂಗೈ ಕೊಟ್ಟು ತಳ್ಳಿದ. ಈ ಸಲ ಕೈ ಅಳುಕಲಿಲ್ಲ. ಊರಿನ ಮೊದಲ ಮನೆಗಳು ಕಾಣುವವರೆಗೂ ತೆಗೆಯಲಿಲ್ಲ.

ಅವರು ಮುಟ್ಟಿದಾಗ ಸಮುದ್ರ ಇಳಿದಿತ್ತು. ಮರದ ದೋಣಿಗಳು ಕೆಸರಿನಲ್ಲಿ ವಾಲಿ ಮಲಗಿದ್ದವು. ಸ್ವಾಗತಕ್ಕೆ ಯಾರೂ ಇರಲಿಲ್ಲ; ಬಾಣಲೆಯಲ್ಲಿ ಸಮೋಸ ಕರಿಯುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ನೋಡಿದಳು, ಅಷ್ಟೇ. ಸೈಕಲ್ಲುಗಳನ್ನು ಮರಳಿನ ಮೇಲೆ ಮಲಗಿಸಿ, ಶೊಕೂಹ್ ಖಾನಂ ಬೂಟು ಸಮೇತ ಕುಂಟುತ್ತ ನಡೆದರು, ನೀರು ಮೊಣಕಾಲಿಗೆ ಬರುವವರೆಗೂ. ಬಗ್ಗಿ ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿದರು.

"ನಮ್ಮದಕ್ಕಿಂತ ಮೂರು ಪಟ್ಟು ಉಪ್ಪು!" ಎಂದು ಅಲ್ಲಿಂದಲೇ ಕೂಗಿದರು. "ಹುಡುಗೀರಿಗೆ ಸರಿಯಾಗೇ ಹೇಳಿದ್ದೆ ಕಣೋ!"

ಆಮೇಲೆ ಬಂದು ಮರಳಿನ ಮೇಲೆ ಕುಳಿತು ಮಗಳಿಗೆ ಫೋನು ಮಾಡಿದರು. "ಹೂಂ, ಮುಟ್ಟಿದೆ… ಇಲ್ಲೇ ಇದಾನೆ… ಇಲ್ಲ, ಅವನೇ ಹೇಳಿದ. ನೀನೇ ನನ್ನ ಮಗಳು, ಅದರಲ್ಲೇನು ಅನುಮಾನ… ಅಳಬೇಡ ಗೊಲ್ನಾರ್. ಕಿಟಕಿ ಕುಂಡಗಳಿಗೆ ನೀರು ಹಾಕಿದೀಯಾ?"

ಫರ್ಶೀದ್ ಸಮೋಸ ತರುವಷ್ಟರಲ್ಲಿ ಅವರು ಕುಳಿತಲ್ಲೇ ತೂಕಡಿಸುತ್ತಿದ್ದರು. ಪಕ್ಕದಲ್ಲಿ ಕುಳಿತ ಕೂಡಲೇ ತಲೆ ಅವನ ಭುಜಕ್ಕೆ ವಾಲಿತು. ಸೂರ್ಯ ನೀರಿಗೆ ತಾಗಿದ್ದ. ಇಳಿದಿದ್ದ ಸಮುದ್ರ ಸದ್ದಿಲ್ಲದೆ ತಿರುಗಿ ಬರುತ್ತಿತ್ತು, ಕೆಸರಲ್ಲಿದ್ದ ದೋಣಿಗಳು ಒಂದೊಂದಾಗಿ ನೆಟ್ಟಗಾಗುತ್ತಿದ್ದವು. ತೆಳ್ಳನೆಯ ಒಂದು ಅಲೆ ಅತ್ತೆಯ ಸೈಕಲ್ಲಿನ ಚಕ್ರದವರೆಗೆ ಬಂದು, ಕಡ್ಡಿಗಳ ನಡುವೆ ನೊರೆ ಬಿಟ್ಟು ಹೋಯಿತು. ಎದ್ದು ಹೋಗಿ ಅದನ್ನು ಈಚೆಗೆ ಎಳೆಯಬೇಕಿತ್ತು. ಫರ್ಶೀದ್ ಬಿಸಿ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ಭುಜ ಅಲುಗಿಸದೆ ಕುಳಿತೇ ಇದ್ದ.