ಒಲೆಯ ಬಾಗಿಲು

ಸೀದ ವಾಸನೆಯೇ, ಅಲ್ಲ, ಅಂಚು ಕೆಂಪಾಗುವ ವಾಸನೆ ಅಷ್ಟೇ, ತೆಗೆದು ನೋಡಲೇ, ಬೇಡ, ನೋಡಿದರೆ ಬ್ರೆಡ್ಡು ಕುಸಿಯುತ್ತದೆ, ಮದುವೆಯಾಗಿ ಬಂದ ಹೊಸದರಲ್ಲೇ ಇವರು ಹೇಳಿದ್ದರು, ಒಲೆ ಬಾಗಿಲು ಪದೇ ಪದೇ ತೆಗೀಬೇಡ ಕಣೇ, ಒಳಗೆ ಅದರ ಪಾಡಿಗೆ ಅದು ಬೇಯ್ತಿರುತ್ತೆ, ನೀನು ಇಣುಕಿದ್ರೆ ಬೇಗ ಆಗುತ್ತಾ — ಆದರೂ ಇಣುಕುತ್ತೇನೆ, ಇಷ್ಟು ವರ್ಷ ಈ ಬೇಕರಿಯಲ್ಲಿ ಬೆಂದರೂ ಇಣುಕುತ್ತೇನೆ, ನಾನು ನೋಡಿಕೊಂಡ ಬ್ರೆಡ್ಡಿನ ನಡುವೆ ಒಂದು ಗುಳಿ ಇದ್ದೇ ಇರುತ್ತದೆ, ಗಿರಾಕಿಗಳು ಇವತ್ತು ಅಕ್ಕನ ಕೈದಾ ಎಂದು ನಗುತ್ತಾರೆ. ಅಲ್ಲಿ ಕೂತಿದ್ದಾರೆ ನನ್ನ ಗಂಡ, ಮೈದಾ ಮೂಟೆಯ ಮೇಲೆ, ಆಪರೇಷನ್ ಆದ ಎರಡೂ ಕಣ್ಣಿಗೆ ಬಿಳಿ ಪಟ್ಟಿ, ಇದೊಂದು ಸರದಿ ಬೆಂದರೆ ಆಸ್ಪತ್ರೆಗೆ ಹೊರಡಬೇಕು, ಪಟ್ಟಿ ಬಿಚ್ಚುತ್ತಾರೆ, ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ, ಡಾಕ್ಟರು ಹೇಳಿದ್ದು ಅಷ್ಟೇ, ಈಗಲೇ ಏನೂ ಹೇಳೋಕಾಗಲ್ಲಮ್ಮ, ನನ್ನ ಜೀವ ಬಾಯಿಗೆ ಬಂದಿದೆ, ಈ ಮನುಷ್ಯ ತುಟಿ ಅಲುಗಿಸುತ್ತಾ ಕೂತಿದ್ದಾರೆ, ಮಾತಾಡುತ್ತಿದ್ದಾರೆ, ನನ್ನ ಜೊತೆಯಲ್ಲ, ಅವನ ಜೊತೆ, ದೇವರ ಜೊತೆ. ಸವತಿಯಾಗಿದ್ದರೆ ಜುಟ್ಟು ಹಿಡಿದು ಬೀದಿಗೆ ಎಳೆಯಬಹುದಿತ್ತು, ಕುಡಿತವಾಗಿದ್ದರೆ ಬಾಟಲಿ ಒಡೆಯಬಹುದಿತ್ತು, ದೇವರ ಮೇಲೆ ಹೊಟ್ಟೆಕಿಚ್ಚು ಪಡುವವಳು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು, ತಂಗಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು, ಭಾವ ದೇವರನ್ನ ಇಟ್ಕೊಂಡಿದ್ದಾರೆ ಅಂತ ಪೊಲೀಸ್ ಕಂಪ್ಲೇಂಟ್ ಕೊಡ್ತೀಯಾ — ನಗಲಿ, ಅವಳ ಗಂಡ ದಿನವಿಡೀ ಅವಳ ಕಿವಿ ಕೊರೆಯುತ್ತಾನೆ, ನನ್ನವರೂ ಹಾಗೇ ಇದ್ದರು, ಹಿಟ್ಟು ನಾದುತ್ತಾ ಎಲ್ಲವನ್ನೂ ನನಗೇ ಹೇಳುತ್ತಿದ್ದರು, ಹಲ್ಲುನೋವು, ಸತ್ತುಹೋದ ಅತ್ತೆ ಕನಸಿಗೆ ಬಂದು ಬೈದದ್ದು, ಕಣ್ಣು ಮಸುಕಾಗತೊಡಗಿದ ಮೇಲೆ ಒಂದೊಂದೇ ಮಾತು ನನ್ನಿಂದ ಜಾರಿ ಆ ಕಡೆ ಹೋಯಿತು. ನಾನೇನು ಕಡಿಮೆ ಮಾಡಿದೆ, ಮೆತ್ತನೆ ಹಾಸಿಗೆ ತಂದೆ, ಕಾಲು ಚಾಚುವ ಕುರ್ಚಿ ತಂದೆ, ಹೊಸ ರೇಡಿಯೋ, ಕಿಟಕಿಗೆ ದಪ್ಪ ಪರದೆ, ಎಲ್ಲದಕ್ಕೂ ಚೆನ್ನಾಗಿದೆ ಕಣೇ ಎಂದರು, ಎಂದು ಎದ್ದು ಗೋಡೆ ತಡವುತ್ತಾ ಬಂದು ಈ ಮೂಟೆಯ ಮೇಲೆ ಕೂತರು, ಭಯ ಆಗಲ್ವಾ ಎಂದು ಕೇಳಿದರೆ, ಆಗುತ್ತೆ, ಅವನಿಗೆ ಹೇಳಿದ್ದೀನಿ — ಅವನಿಗೆ ಹೇಳಿದ್ದಾರಂತೆ, ಹಾಗಾದರೆ ನಾನು ಯಾಕಿದ್ದೇನೆ, ತಟ್ಟೆ ತೊಳೆಯುವುದಕ್ಕೆ. ನಿದ್ದೆ ಬೇರೆ ಮಾಡುತ್ತಾರೆ, ಅದೇ ನನಗೆ ತಡೆಯಲಾಗದ್ದು, ಗೊರಕೆ ಹೊಡೆಯುತ್ತಾರೆ, ಅದೇ ಮೆತ್ತನೆ ಹಾಸಿಗೆಯಲ್ಲಿ ನಾನು ಮುಳ್ಳಿನ ಮೇಲೆ ಮಲಗಿದವಳ ಹಾಗೆ ಹೊರಳಾಡುತ್ತೇನೆ, ಯಾರಿಗೂ ಹೇಳಿಲ್ಲ.

ಬಟ್ಟೆ ಮಡಚಿ ಹಿಡಿಕೆಯ ಮೇಲೆ ಕೈ ಇಟ್ಟಿದ್ದೇನೆ, ಕಪ್ಪು ಕಬ್ಬಿಣದ ಹಿಡಿಕೆ, ಬಟ್ಟೆಯೊಳಗಿಂದ ಬಿಸಿ ಹತ್ತುತ್ತಿದೆ, ಇಲ್ಲಿಂದ ಮೂಟೆ ಕೈಗೆಟಕುವಷ್ಟು ಹತ್ತಿರ, ಚಪ್ಪಲಿ ಬಿಟ್ಟು ಕಳ್ಳಿಯ ಹಾಗೆ ಬಂದಿದ್ದೇನೆ, ಕಿವಿಗೊಟ್ಟು ಕೇಳಿಯೇ ಬಿಡುತ್ತೇನೆ ಏನು ಅಂಥ ಗುಟ್ಟು ಎಂದು, ಕಣ್ಣು ಕೊಡು ಎಂದು ಬೇಡುತ್ತಿರಬೇಕು, ನನ್ನ ಮುಂದೆ ಒಮ್ಮೆಯೂ ಅಳದವರು ಅಲ್ಲಿ ಅಳುತ್ತಿರಬೇಕು — ಇಲ್ಲ, ಕುರ್ಚಿ ಎನ್ನುತ್ತಿದ್ದಾರೆ, ಆ ಕುರ್ಚಿ ಸೊಂಟ ಮುರೀತು ಕಣಪ್ಪ, ಅವಳಿಗೆ ಹೇಳೋಕಾಗಲ್ಲ, ಆಸೆಪಟ್ಟು ತಂದಿದ್ದಾಳೆ, ಇವತ್ತು ಪಟ್ಟಿ ಬಿಚ್ಚಿದಾಗ ಬೆಳಕಿದ್ರೂ ಸರಿ, ಕತ್ತಲಿದ್ರೂ ಸರಿ, ನೀನಿರ್ತೀಯ, ನನಗೆ ಸಾಕು, ಅವಳದ್ದೇ ಚಿಂತೆ, ರಾತ್ರಿ ನಡುವೆ ಎಚ್ಚರ ಆದ್ರೆ ಪಕ್ಕದಲ್ಲಿ ಅಳ್ತಿರ್ತಾಳೆ, ನಾನು ಸುಮ್ನೆ ಗೊರಕೆ ಹೊಡೀತೀನಿ, ಎದ್ದಿದ್ದೀನಿ ಅಂತ ಗೊತ್ತಾದ್ರೆ ಅಳೋದನ್ನೂ ನುಂಗ್ಕೋತಾಳೆ, ನಿನ್ನನ್ನ ಕರೆಯೋಳಲ್ಲ ಅವಳು, ಹಠಮಾರಿ, ನಿನ್ನ ಮೇಲೆ ಕೋಪ ಬೇರೆ, ಅವಳು ಕರೀಲಿ ಅಂತ ಕಾಯಬೇಡ, ನೀನೇ ಹೋಗು. ನೀನೇ ಹೋಗು, ಹಾಗೆಂದರು, ನನ್ನ ಸವತಿಯನ್ನು ನನ್ನ ಗಂಡನೇ ನನ್ನ ಬಳಿಗೆ ಕಳಿಸುತ್ತಿದ್ದಾರೆ, ಹೊರಗೆ ಕಾರಿನ ಹಾರ್ನ್, ತಂಗಿಯ ದನಿ, ಹೊರಡೋಣ್ವಾ ಅಕ್ಕ, ತಡಿ, ಬ್ರೆಡ್ಡು ಇನ್ನೂ ಒಳಗಿದೆ, ಉಬ್ಬಿದೆಯೋ ಕುಸಿದಿದೆಯೋ ಗೊತ್ತಿಲ್ಲ, ಆ ಬಿಳಿ ಪಟ್ಟಿಯ ಹಿಂದೆ ಏನಿದೆಯೋ ಗೊತ್ತಿಲ್ಲ, ಎಳೆದರೆ ಕಾಣುತ್ತದೆ, ಕೈ ಹಿಡಿಕೆಯ ಮೇಲೇ ಇದೆ, ಎಳೆಯುತ್ತಿಲ್ಲ, ಅವರ ದೇವರೇ, ಬಂದಿದ್ದೀಯಾ, ಬಂದಿದ್ದರೆ ಇಲ್ಲೇ ನಿಲ್ಲು, ನನಗೆ ಮಾತಾಡಲು ಬರುವುದಿಲ್ಲ, ಮುಚ್ಚಿದ ಬಾಗಿಲು, ಕಪ್ಪು ಹಿಡಿಕೆ, ನನ್ನ ಕೈ