ಮೂರನೇ ರೀಲು

ಡಬ್ಬಿ ಬೆಚ್ಚಗಿತ್ತು.

ಅಕ್ಕ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅಂಗೈ ಒರೆಸಿಕೊಂಡು ಮತ್ತೊಮ್ಮೆ ಮುಟ್ಟಿ ನೋಡಿದಳು. ಹೌದು, ಬೆಚ್ಚಗೇ ಇತ್ತು. ಕರೆಂಟು ಹೋಗಿ ಎರಡು ದಿನವಾಗಿತ್ತು. ಮೂರನೇ ಮಹಡಿಯ ಮೇಲಿನ ತಾರಸಿ ಕಾದು, ಬೀರುವಿನಲ್ಲಿದ್ದ ಬಟ್ಟೆಯೆಲ್ಲ ಆಗಷ್ಟೇ ಇಸ್ತ್ರಿ ಮಾಡಿಟ್ಟ ಹಾಗಿತ್ತು. ಆದರೆ ಡಬ್ಬಿಯದು ಹೊರಗಿನ ಸೆಕೆಯಲ್ಲ. ಜ್ವರ ಬಂದವರ ಹಣೆಯ ಹಾಗೆ, ಒಳಗಿನಿಂದ ಬರುತ್ತಿದ್ದ ಬಿಸಿ. ಮುಚ್ಚಳವನ್ನು ಉಗುರಿನಷ್ಟು ಎತ್ತಿದಳು. ಹುಳಿ ವಾಸನೆ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ತುಕ್ಕಿನ ಬಣ್ಣದ ಪುಡಿ ಬೆರಳಿಗೆ ಹತ್ತಿಕೊಂಡಿತು.

ಬೀರುವಿನ ಹಿಂದಿನ ಗೋಡೆಯಾಚೆ, ತೊಟ್ಟಿಲಲ್ಲಿ, ತಂಗಿಯ ಮೊಮ್ಮಗು ಎದ್ದು ಅಳತೊಡಗಿತು.

ಡಬ್ಬಿಯೊಳಗಿನ ರೀಲು ಕೊಳೆತು ಪುಡಿಯಾಗುತ್ತಿದೆಯೆಂದು ಅಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಿನಿಮಾ ಹಂಚುವವರ ಗೋದಾಮಿನಲ್ಲಿ ಮೂವತ್ತೊಂದು ವರ್ಷ ಚೆಕಿಂಗ್ ಮೇಜಿನ ಮುಂದೆ ಕೂತವಳು ಅವಳು. ಥಿಯೇಟರುಗಳಿಂದ ವಾಪಸು ಬಂದ ರೀಲುಗಳನ್ನು ಒಂದು ಕೈಯಿಂದ ತಿರುಗಿಸುತ್ತಾ, ಇನ್ನೊಂದು ಕೈಯ ಎರಡು ಬೆರಳ ನಡುವೆ ಹರಿಯಬಿಡುವುದು, ಹರಿದ ಕಡೆ ಕತ್ತರಿಸಿ ಅಂಟು ಹಚ್ಚಿ ಜೋಡಿಸುವುದು ಅವಳ ಕೆಲಸ. ಒಂದು ಬೇಸಿಗೆಯಲ್ಲಿ ಕಿಟಕಿಯ ಕಟ್ಟೆಯ ಮೇಲೆ ಮರೆತಿದ್ದ ಹಳೇ ಕಾಲದ ರೀಲೊಂದು ಯಾರೂ ಮುಟ್ಟದೆ, ಯಾರೂ ಕಡ್ಡಿ ಗೀರದೆ, ತಾನಾಗಿಯೇ ಹತ್ತಿಕೊಂಡಿದ್ದನ್ನು ಕಣ್ಣಾರೆ ಕಂಡಿದ್ದಳು. ನೀರು ಸುರಿದರೆ ನೀರಿನೊಳಗೂ ಉರಿದಿತ್ತು. ನಂದಿಸಲು ಹೋದ ಗುಮಾಸ್ತನ ಎರಡು ಕೈಯೂ ಆಮೇಲೆ ಪೆನ್ನು ಹಿಡಿಯಲಿಲ್ಲ.

ಆ ಬೆಂಕಿಯಾದ ವಾರವೇ ಮಾಲೀಕರು ಅಂಥ ಹಳೇ ರೀಲುಗಳನ್ನೆಲ್ಲ ನಾಶಮಾಡಿಸಲು ಹೇಳಿದ್ದರು. ಪಟ್ಟಿಯಲ್ಲಿ ಮಹಾರಾಣಿಯ ಚಿತ್ರವೊಂದರ ಐದು ರೀಲುಗಳೂ ಇದ್ದವು. ನಾಲ್ಕು ಹೋದವು. ಮೂರನೆಯದು ಅಕ್ಕನ ಚೀಲದಲ್ಲಿ ಮನೆಗೆ ಬಂತು.

ಮಹಾರಾಣಿ ಎಂಬುದು ತಂಗಿ ಅಣಕಕ್ಕೆ ಇಟ್ಟ ಹೆಸರು. ಆಮೇಲೆ ಮನೆಯಲ್ಲಿ ಅದೇ ನಿಂತಿತು. ಹಾಲಿವುಡ್ಡಿನ ಕಪ್ಪುಬಿಳುಪು ಕಾಲದ ಆ ನಟಿಯನ್ನು ಬೇರೆಯವರು ಪರದೆಯ ಮೇಲೆ ಆಳೆತ್ತರದ ಮುಖವಾಗಿ ನೋಡಿ ಮರುಳಾಗಿದ್ದರು. ಅಕ್ಕ ರೀಲಿನ ಚೌಕಗಳಲ್ಲಿ ಹೆಬ್ಬೆರಳ ಉಗುರಿನಷ್ಟು ಚಿಕ್ಕವಳಾಗಿ ನೋಡಿ ಮರುಳಾಗಿದ್ದಳು. ಹದಿನೆಂಟನೇ ವಯಸ್ಸಿನಲ್ಲಿ, ಭೂತಗನ್ನಡಿಯ ಕೆಳಗೆ, ಕಾಗದವೊಂದನ್ನು ಓದುತ್ತಾ ಅಳಬೇಕಾದ ಕಡೆ ನಗುತ್ತಿದ್ದ ಒಬ್ಬ ಹೆಂಗಸು. ಆ ನಗು ಎಲ್ಲಿ ಶುರುವಾಗುತ್ತದೆಂದು ಒಂದೊಂದೇ ಚೌಕ ಹಿಂದಕ್ಕೆ ತಿರುಗಿಸಿ ಹುಡುಕಿದ್ದಳು. ಸಿಕ್ಕಿರಲಿಲ್ಲ. ಅಂದಿನಿಂದ ಅಕ್ಕನ ಕೋಣೆಗೆ ಅವಳು ತುಂಬಿಕೊಳ್ಳುತ್ತಾ ಬಂದಳು: ಥಿಯೇಟರಿನವರು ಎಸೆದ ಫೋಟೋಗಳು, ಹದಿನಾಲ್ಕು ಫೈಲು ಪತ್ರಿಕೆಯ ತುಣುಕು, ಅವಳ ಮುಖವಿದ್ದ ಸೋಪಿನ ಹೊದಿಕೆ, ಅವಳ ಕೋಟಿನದೆಂದು ಯಾರೋ ಆಣೆಯಿಟ್ಟು ಕೊಟ್ಟ ಗುಂಡಿ. ಸಹಿಯಿದ್ದ ಕಾರ್ಡಿನ ಮೇಲೆ ಎಂಜಲು ಬೆರಳಾಡಿಸಿದಾಗ ಶಾಯಿ ಹರಡದೆ, ಅದು ಅಚ್ಚಾದ ಸಹಿಯೆಂದು ಗೊತ್ತಾಗಿತ್ತು. ಆದರೂ ಚೌಕಟ್ಟು ಹಾಕಿಸಿದ್ದಳು.

ರೀಲು ಮಾತ್ರ ಚೌಕಟ್ಟು ಹಾಕಿಸುವ ವಸ್ತುವಲ್ಲ. ಆ ಚಿತ್ರದ ಇನ್ನೊಂದು ಪ್ರತಿ ಎಲ್ಲೂ ಉಳಿದಿಲ್ಲವೆಂದು ಒಮ್ಮೆ ಪತ್ರಿಕೆಯಲ್ಲಿ ಓದಿ, ಅಕ್ಕ ಬೀರುವಿಗೆ ಹೊಸ ಬೀಗ ಹಾಕಿದ್ದಳು.

"ಏನೇ ಅದು ವಾಸನೆ? ಇವತ್ತು ತಡೆಯೋಕಾಗ್ತಿಲ್ಲ." ತಂಗಿ ಬಾಗಿಲಲ್ಲಿ ನಿಂತಿದ್ದಳು. ಹೆಗಲ ಮೇಲೆ ಮಗುವಿನ ಟವೆಲು. "ಹಳೇ ಫೋಟೋ ವಾಸನೆ ಅಂತ ಎಷ್ಟು ದಿನ ಹೇಳ್ತೀಯ?"

ಅಕ್ಕ ಬೀರುವಿನ ಬಾಗಿಲಿಗೆ ಬೆನ್ನು ಕೊಟ್ಟಳು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಗೋಡೆಯಾಚೆ ಮಗು ಅತ್ತಿತು.

"ಮಗೂನ ಕರ್ಕೊಂಡು ಕೆಳಗೆ ಹೋಗಿ," ಎಂದಳು. "ಈಗಲೇ. ಮಗಳಿಗೆ ಹೇಳು."

"ಯಾಕೆ?"

"ಆಮೇಲೆ ಹೇಳ್ತೀನಿ ಕಣೇ, ಹೋಗು."

"ಈಗ ಹೇಳು."

ಅಕ್ಕ ಹೇಳಿದಳು. ಹೆಚ್ಚು ಮಾತೇನೂ ಬೇಕಾಗಲಿಲ್ಲ. ಗುಮಾಸ್ತನ ಕೈಯನ್ನು ತಂಗಿಯೂ ಕಂಡಿದ್ದಳು. ಅವಳ ಮುಖದ ಬಣ್ಣ ಇಳಿಯಿತು, ಆದರೆ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು.

"ನಿಂಗೆ ಗೊತ್ತಿತ್ತಾ?"

ಅಕ್ಕ ಬೆರಳಿನ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು.

"ಅಕ್ಕಾ, ನಿಂಗೆ ಗೊತ್ತಿತ್ತಾ ಅಂತ ಕೇಳಿದೆ."

"ಹೂಂ."

ತಂಗಿ ತಿರುಗಿ ಹೋದಳು. ಪಕ್ಕದ ಕೋಣೆಯಲ್ಲಿ ತಗ್ಗಿದ ದನಿಯಲ್ಲಿ ನಾಲ್ಕು ಮಾತು. ಮಗುವನ್ನು ಎದೆಗವಚಿಕೊಂಡ ತಂಗಿಯ ಮಗಳು ನಡುಮನೆ ದಾಟಿ ಹೋಗುವಾಗ ಒಂದು ಕ್ಷಣ ಅಕ್ಕನ ಕೋಣೆಯ ಕಡೆ ನೋಡಿದಳು. "ದೊಡ್ಡಮ್ಮಾ" ಎನ್ನಲಿಲ್ಲ. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಬೇಗಬೇಗ ಇಳಿಯಿತು.

ತಂಗಿ ಫೋನು ತಂದು ಅಕ್ಕನ ಕೈಯಲ್ಲಿಟ್ಟಳು. "ಯಾರಿಗಾದ್ರೂ ಮಾಡು. ಬೆಂಕಿ ಆರಿಸೋರಿಗೆ ಮಾಡ್ತೀಯೋ, ಇನ್ಯಾರಿಗೆ ಮಾಡ್ತೀಯೋ. ನೀನು ಮಾಡ್ಲಿಲ್ಲ ಅಂದ್ರೆ ನಾನು ಮಾಡ್ತೀನಿ."

ಚಿತ್ರ ಸಂಗ್ರಹಾಲಯದ ನಂಬರು ಅಕ್ಕನ ಪರ್ಸಿನಲ್ಲಿ ಆರು ವರ್ಷದಿಂದ ಮಡಚಿಟ್ಟ ಹಾಗೇ ಇತ್ತು. ಹಳೇ ರೀಲು ಯಾರ ಹತ್ತಿರವಾದರೂ ಇದ್ದರೆ ತಿಳಿಸಿ ಎಂದು ಅವರು ಪತ್ರಿಕೆಯಲ್ಲಿ ಕೇಳಿದ್ದರು. ಅಕ್ಕ ಕತ್ತರಿಸಿ ಇಟ್ಟುಕೊಂಡಿದ್ದಳು, ತಿಳಿಸಿರಲಿಲ್ಲ. ತಿಳಿಸಿದರೆ ಕೊಡಬೇಕಾಗುತ್ತಿತ್ತು.

ಆಚೆ ಕಡೆಯ ಹೆಣ್ಣುದನಿ ಸಮಾಧಾನದಿಂದಲೇ ಕೇಳಿಸಿಕೊಂಡಿತು. ಪುಡಿ ಎಂದಾಗ ಮಾತ್ರ ಅವಸರಪಟ್ಟಿತು. "ಅಮ್ಮಾ, ಮುಚ್ಚಳ ಬಿಗಿಯಾಗಿ ಮುಚ್ಬೇಡಿ, ಪೂರ್ತಿ ತೆಗೀಲೂಬೇಡಿ. ಮನೆಯವರನ್ನೆಲ್ಲ ಆಚೆ ಕಳಿಸಿ. ನಾವು ಹೊರಟ್ವಿ. ನಲವತ್ತು ನಿಮಿಷ."

ನಲವತ್ತು ನಿಮಿಷ. ಅಕ್ಕ ತಲೆಯೆತ್ತಿ ತಾರಸಿಯನ್ನು ನೋಡಿದಳು. ಗಂಟೆ ಹನ್ನೆರಡೂ ಆಗಿರಲಿಲ್ಲ. ಬಿಸಿಲು ಇನ್ನೂ ಏರಲಿಕ್ಕಿತ್ತು.

"ಕೆಳಗೆ ಪಂಪಿನ ಮನೆ ತಣ್ಣಗಿದೆ," ಎಂದಳು. "ಇಳಿಸ್ತೀನಿ. ನೀನು ಹೋಗು."

"ಡಬ್ಬಿ ಹಿಡಿದ ಕೈಯಲ್ಲಿ ಬಾಗಿಲು ಯಾರು ತೆಗೀತಾರೆ, ನಿನ್ನ ಮಹಾರಾಣೀನಾ?" ತಂಗಿ ಟವೆಲನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡದೆ ಹೆಗಲಿಗೆ ಹಾಕಿಕೊಂಡಳು. "ನಡಿ. ನಾನು ಮುಂದೆ ಇರ್ತೀನಿ."

ಅಕ್ಕ ಡಬ್ಬಿಯನ್ನು ಎತ್ತಿದಳು. ತಟ್ಟೆಯಷ್ಟು ಅಗಲದ ಡಬ್ಬಿ, ಮೂರು ಕೆಜಿಯೂ ಇರಲಾರದು. ಒಳಗೆ ಏನೋ ಒಂದು ಚೂರು ಜಾರಿ ತಳಕ್ಕೆ ಬಿದ್ದ ಸದ್ದು. ಉಸಿರು ಬಿಗಿಹಿಡಿದು ನಿಂತಳು. ಏನೂ ಆಗಲಿಲ್ಲ. ಒಂದು ಮೆಟ್ಟಿಲು ಇಳಿದಳು, ಇನ್ನೊಂದು.

"ವಾಸನೆ ಯಾವಾಗಿಂದ?" ತಂಗಿ ಹಿಂತಿರುಗಿ ನೋಡದೆ ಕೇಳಿದಳು.

"ಈಗ ಬೇಡ ಕಣೇ."

"ಈಗಲೇ ಬೇಕು."

"ಹೋದ ಮಳೆಗಾಲದಿಂದ."

ತಂಗಿ ಐದಾರು ಮೆಟ್ಟಿಲು ಇಳಿದಳು.

"ಅಂದ್ರೆ ಮಗು ಹುಟ್ಟೋಕೂ ಮುಂಚೆ," ಎಂದಳು ತಂಗಿ. "ತೊಟ್ಟಿಲು ಎಲ್ಲಿಡೋಣ ಅಂತ ನಾವು ಮೂರೂ ಜನ ನಿಂತು ಮಾತಾಡಿದ್ವಲ್ಲ. ಆ ಗೋಡೆ ಪಕ್ಕ ಗಾಳಿ ಚೆನ್ನಾಗಿ ಬರುತ್ತೆ ಅಂದಿದ್ದು ನಾನು. ನೀನು ಅಲ್ಲೇ ನಿಂತಿದ್ದೆ."

ಅಕ್ಕ ಅವತ್ತು ಬಾಯಿ ತೆರೆದಿದ್ದಳು. ಬೀರು ಅಲ್ಲಿಂದ ತೆಗೆಸಬೇಕಾಗುತ್ತೆ, ಯಾಕೆ ಎಂದು ಕೇಳುತ್ತಾರೆ ಎಂದು ಮತ್ತೆ ಮುಚ್ಚಿದ್ದಳು. ಅಷ್ಟೇ. ಅಷ್ಟಕ್ಕೇ.

ಎರಡನೇ ಮಹಡಿಯ ತಿರುವಿನಲ್ಲಿ ಬಾಡಿಗೆಯವನೊಬ್ಬ ಕಿಟಕಿಗೊರಗಿ ಸಿಗರೇಟು ಸೇದುತ್ತಾ ನಿಂತಿದ್ದ. ಇಬ್ಬರು ಮುದುಕಿಯರನ್ನು ಕಂಡು ದಾರಿಬಿಡಲು ಸರಿದ. ಸರಿದದ್ದು ಡಬ್ಬಿಯ ಕಡೆಗೇ. ತಂಗಿ ಒಂದು ಮಾತೂ ಆಡದೆ ಅವನ ತುಟಿಯಿಂದಲೇ ಸಿಗರೇಟು ಕಿತ್ತು, ಒದ್ದೆ ಟವೆಲಿನಲ್ಲಿ ಹೊಸಕಿದಳು.

"ರೀ, ಏನ್ರೀ ಇದು!"

"ಕೆಳಗೆ ಹೋಗಿ. ದಾರೀಲಿ ಎಲ್ಲಾ ಬಾಗಿಲೂ ಬಡಿದು ಎಲ್ಲರನ್ನೂ ಕರ್ಕೊಂಡು ಹೋಗಿ. ಆಮೇಲೆ ಬೇಕಾದ್ರೆ ಬೈಯೋರಂತೆ."

ಅವಳ ದನಿಯಲ್ಲಿ ಏನಿತ್ತೋ, ಅವನು ಹೋದ. ಬಾಗಿಲು ಬಡಿಯುವ ಸದ್ದು ಕೇಳಿಸಿತು. ಅಕ್ಕ ಗೋಡೆಗೆ ಭುಜ ತಾಗಿಸಿಕೊಂಡು ಇಳಿದಳು. ಡಬ್ಬಿಯ ಬಿಸಿ ಈಗ ರವಿಕೆಯನ್ನು ದಾಟಿ ಹೊಟ್ಟೆಗೆ ತಾಗುತ್ತಿತ್ತು. ಮುಖ ಪಕ್ಕಕ್ಕೆ ತಿರುಗಿಸಿದರೂ ಹುಳಿ ಹೊಗೆ ಕಣ್ಣನ್ನು ಕಿತ್ತು ತಿನ್ನುತ್ತಿತ್ತು. ಕೊನೆಯ ಎಂಟು ಮೆಟ್ಟಿಲು ಅವಳಿಗೆ ಕಾಣಿಸಲೇ ಇಲ್ಲ. "ಇನ್ನೆರಡು... ಇನ್ನೊಂದು... ನೆಲ," ಎಂದು ತಂಗಿ ಹೇಳುತ್ತಾ ಹೋದಳು.

ಪಂಪಿನ ಮನೆಯ ಒದ್ದೆ ನೆಲದ ಮೇಲೆ ಡಬ್ಬಿಯನ್ನಿಟ್ಟು ಹೊರಗೆ ಬಂದ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಂಗಿ ತೋಳು ಹಿಡಿದು ಕಟ್ಟೆಯ ಮೇಲೆ ಕೂರಿಸಿದಳು. ಕೂರಿಸಿ, ಕೈ ಬಿಟ್ಟು, ಒಂದು ಮಾರು ದೂರದಲ್ಲಿ ತಾನು ಕೂತಳು.

ಸಂಗ್ರಹಾಲಯದ ವ್ಯಾನು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂತು. ಇಳಿದ ಅಧಿಕಾರಿಣಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಕೈಗವಸು, ಕಣ್ಣಿಗೆ ದಪ್ಪ ಕನ್ನಡಕ, ಹಿಂದೆ ನೀರು ತುಂಬಿದ ಪೀಪಾಯಿ. ಡಬ್ಬಿಯನ್ನು ಹಿತ್ತಲಿನ ಗೋಡೆಯ ನೆರಳಿಗೆ ತಂದು, ಮುಚ್ಚಳ ತೆಗೆದು, ಸುಮ್ಮನೆ ನೋಡಿದಳು.

ಹೊರಸುತ್ತು ಪುಡಿಯಾಗಿತ್ತು. ಅದರೊಳಗಿನದು ಕರಗಿದ ಬೆಲ್ಲದ ಹಾಗೆ ಒಂದಕ್ಕೊಂದು ಅಂಟಿ ಗುಳ್ಳೆಯೆದ್ದಿತ್ತು. ನಟ್ಟನಡುವೆ, ಗಡಿಯಾರದ ಮುಖದಷ್ಟು ಅಗಲ, ಇನ್ನೂ ಕಪ್ಪಗೆ ಹೊಳೆಯುತ್ತಿತ್ತು.

"ಇದನ್ನ ಈಗಲೇ ನೀರಿಗೆ ಹಾಕ್ಬೇಕಮ್ಮ, ಹತ್ತಿಕೊಂಡ್ಮೇಲೆ ನೀರಿಗೂ ಆರಲ್ಲ," ಎಂದಳು ಅಧಿಕಾರಿಣಿ. "ನಡುವಿಂದು ಒಂದಿಷ್ಟು ಉಳಿದಿದೆ, ಬಿಡಿಸಬಹುದೇನೋ. ಆದ್ರೆ ನಿಜ ಹೇಳ್ತೀನಿ, ಇಷ್ಟು ಹಾಳಾಗಿದ್ದನ್ನ ನಾನು ಯಾವತ್ತೂ ಬಿಡಿಸಿಲ್ಲ. ಹರಿದುಹೋಗುತ್ತೆ."

ಅಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ತಂಗಿಯನ್ನು ನೋಡಿದಳು. ಕೇಳುವ ಧೈರ್ಯವಿರಲಿಲ್ಲ.

ಬೀದಿಯಾಚೆಯ ಅಂಗಡಿಯ ನೆರಳಲ್ಲಿ ತಂಗಿಯ ಮಗಳು ಮಗುವಿನೊಂದಿಗೆ ನಿಂತಿದ್ದುದು ಕಾಣುತ್ತಿತ್ತು. ತಂಗಿ ಅತ್ತ ಒಮ್ಮೆ ನೋಡಿ, ಈಚೆ ತಿರುಗಿದಳು.

"ಬಿಡಿಸೋಕೆ ಎಷ್ಟು ಹೊತ್ತು ಬೇಕು?"

"ಐದು ನಿಮಿಷ."

"ಐದೇ," ಎಂದಳು ತಂಗಿ. "ಆರನೇದಕ್ಕೆ ನಾನೇ ಎತ್ತಿ ನೀರಿಗೆ ಹಾಕ್ತೀನಿ."

ಅಧಿಕಾರಿಣಿ ಬೇಡವೆಂದಳು, ಮತ್ತೆ ತನ್ನ ಕೈಗವಸನ್ನೇ ಬಿಚ್ಚಿ ಕೊಡಲು ಬಂದಳು. ಅಕ್ಕ ಬೇಡವೆಂದು ತಲೆಯಾಡಿಸಿ ಕುಕ್ಕರಗಾಲಲ್ಲಿ ಕೂತಳು. ಗವಸು ಹಾಕಿದರೆ ಬೆರಳು ಕುರುಡಾಗುತ್ತವೆ. ಅಧಿಕಾರಿಣಿ ಕೊಟ್ಟ ಬ್ಲೇಡಿನಿಂದ ಅಂಟಿದ ಸುತ್ತುಗಳನ್ನು ಸೀಳಿ ಸರಿಸಿ, ನಡುವಿನ ಉಂಡೆಯನ್ನು ಹೊರಗೆಳೆದಳು. ತುದಿಯೊಂದು ಸಿಕ್ಕಿತು. ಎಳೆಯಲಿಲ್ಲ, ಬೆರಳ ನಡುವೆ ಹಿಡಿದು, ಅದು ತಾನಾಗಿ ಬರುವವರೆಗೆ ಕಾದಳು. ಒಂದು ಗೇಣು ಬಂತು. ಚರ್ಮ ಉರಿಯತೊಡಗಿತು. ಎರಡು ಗೇಣು. ಒಂದು ಕಡೆ ಅಂಟಿಕೊಂಡಿತು, ಮುರಿಯಿತು, ಮತ್ತೆ ತುದಿ ಹುಡುಕಿದಳು. ತಂಗಿ ಒದ್ದೆ ಟವೆಲನ್ನು ಎರಡೂ ಕೈಯಲ್ಲಿ ಹಿಡಿದು, ಅಕ್ಕನ ತಲೆಯ ಮೇಲಿಂದ ಬಾಗಿ ನಿಂತಿದ್ದಳು. ಅದರ ನೀರು ಅಕ್ಕನ ಕತ್ತಿಗೆ ತೊಟ್ಟಿಕ್ಕುತ್ತಿತ್ತು.

"ನಾಲ್ಕಾಯ್ತು."

"ಹೂಂ."

"ಅಕ್ಕಾ."

"ಹೂಂ, ಹೂಂ."

ಮುಂದಿನ ಸುತ್ತಿಗೆ ಬೆರಳು ಹಾಕಿದಳು. ಅದು ಬಿಟ್ಟುಕೊಡಲಿಲ್ಲ. ಅದರೊಳಗೆ ಇನ್ನೂ ಐವತ್ತು ಸುತ್ತಾದರೂ ಇದ್ದವು. ಎಲ್ಲೋ ಅದರಲ್ಲೇ ಆ ಕಾಗದ, ಆ ನಗು. ಬೆರಳ ತುದಿಗೆ ಒಳಗಿನ ಬಿಸಿ ಏರುತ್ತಿರುವುದು ಗೊತ್ತಾಯಿತು. ಅಕ್ಕ ಬ್ಲೇಡು ಕೆಳಗಿಟ್ಟಳು. ಉಳಿದದ್ದೆಲ್ಲವನ್ನೂ ಡಬ್ಬಿ ಸಮೇತ ಎತ್ತಿ, ಯಾರಿಗೂ ಕೊಡದೆ, ತಾನೇ ಪೀಪಾಯಿಯ ನೀರಿಗೆ ಇಳಿಸಿ, ತಳ ಮುಟ್ಟುವವರೆಗೆ ಒತ್ತಿ ಹಿಡಿದಳು. ಗುಳ್ಳೆಗಳು ಬಹಳ ಹೊತ್ತು ಮೇಲೆ ಬಂದವು.

ಉಳಿದದ್ದು ಒಂಬತ್ತು ಅಡಿ. ಪರದೆಯ ಮೇಲೆ ಆರು ಸೆಕೆಂಡು.

ಅಧಿಕಾರಿಣಿ ನಲ್ಲಿಯ ಕೆಳಗೆ ಅಕ್ಕನ ಕೈ ತೊಳೆಸಿ, ಮುಲಾಮು ಹಚ್ಚಿ, ಆಮೇಲೆ ಸಂಕೋಚದಿಂದಲೇ ಫಾರಮ್ಮು ತೆಗೆದಳು. "ಇದು ಯಾರಿಗೆ ಸೇರಿದ್ದು ಅಂತ ಬರೀಬೇಕು. ನಿಮ್ಮ ಸ್ವಂತದ್ದಾ?"

ಅಕ್ಕ ತಲೆ ತಗ್ಗಿಸಿದಳು. ಮೂವತ್ತೊಂದು ವರ್ಷ ಅನ್ನ ಹಾಕಿದ್ದ ಗೋದಾಮಿನಿಂದ ಕದ್ದು ತಂದದ್ದು ಎನ್ನಲು ಬಾಯಿ ಬರಲಿಲ್ಲ.

"ನಮ್ಮನೇದು," ಎಂದಳು ತಂಗಿ. "ಬರ್ಕೊಳ್ಳಿ."

ಅಧಿಕಾರಿಣಿ ಬರೆದುಕೊಂಡಳು. ಚೂರುಗಳನ್ನು ಚಪ್ಪಟೆ ಪೆಟ್ಟಿಗೆಗೆ ಹಾಕುವ ಮುಂಚೆ ಒಂದನ್ನು ಇಕ್ಕುಳದಲ್ಲಿ ಹಿಡಿದು, "ನೋಡ್ತೀರಾ?" ಎಂದು ಅಕ್ಕನ ಕಡೆ ಚಾಚಿದಳು. ಹೊಗೆಗೆ ಊದಿದ ಅಕ್ಕನ ಕಣ್ಣಿಗೆ ಎಲ್ಲವೂ ಮಂಜು. ಅವಳು ಬೇಡವೆಂದಳು. ಇಕ್ಕುಳವನ್ನು ತಂಗಿ ತೆಗೆದುಕೊಂಡಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳು ಆ ಡಬ್ಬಿಯೊಳಗೆ ಇಣುಕಿದವಳಲ್ಲ. ಚೂರನ್ನು ಆಕಾಶದ ಬೆಳಕಿಗೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿದಳು.

"ಎಲ್ಲಿ ಅವಳು? ಬರೀ ಖಾಲಿ ಕೋಣೆ. ಕುರ್ಚಿ ಇದೆ. ಬಾಗಿಲು ಇದೆ."

"ಆಗಲೇ ಹೋದಳು," ಎಂದಳು ಅಕ್ಕ. "ಅದು ಆ ದೃಶ್ಯದ ಕೊನೆ."

ತಂಗಿ ವಾಪಸು ಕೊಡಲಿಲ್ಲ. ಚೂರನ್ನು ಒಂದೊಂದೇ ಚೌಕ ಕೆಳಗಿಳಿಸುತ್ತಾ ನೋಡುತ್ತಲೇ ಇದ್ದಳು. ವ್ಯಾನಿನ ಚಾಲಕ ಎಂಜಿನ್ ಶುರುಮಾಡಿ, ಮತ್ತೆ ನಿಲ್ಲಿಸಿದ. ಬೀದಿಯಾಚೆ ಮಗು ಸುಮ್ಮನಾಗಿತ್ತು.

"ಬಾಗಿಲ ಪರದೆ ಇನ್ನೂ ಅಲುಗಾಡ್ತಿದೆ," ಎಂದಳು ತಂಗಿ.